ಬೆಣ್ಣೆಗೂಡಿನಲ್ಲಿ ಸಿಕ್ಕ ಬೀಗದಕೈ

ಡೆಕ್ಲನ್ ಸತ್ತ ನಾಲ್ಕನೆಯ ತಿಂಗಳಲ್ಲಿ ಫ್ರಿಜ್ ತೊಳೆದೆ. ಬಾಗಿಲಿನಲ್ಲಿ ಬೆಣ್ಣೆ ಇಡುವ ಪುಟ್ಟ ಗೂಡಿದೆ. ಅದರೊಳಗೆ ಒಂದು ಬೀಗದಕೈ ಇತ್ತು. ಯಾವುದೋ ಮನೆಬಾಗಿಲಿನದು, ನಮ್ಮದಲ್ಲ. ಹಸಿರು ಉಣ್ಣೆಯ ದಾರ ಕಟ್ಟಿತ್ತು.

ಬೇರೆಯವರಾಗಿದ್ದರೆ ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದರು. ನನಗೆ ಅದರ ಅರ್ಥ ಗೊತ್ತಿತ್ತು. ನನ್ನ ಗಂಡ ಡೆಕ್ಲನ್ ಟಿ.ವಿ. ಧಾರಾವಾಹಿಯ ಧ್ವನಿಮುದ್ರಕನಾಗಿದ್ದ. ಮನೆಗಳಲ್ಲಿ ಚಿತ್ರೀಕರಣವಿದ್ದರೆ ಧ್ವನಿಯವರು ಮೊದಲು ಫ್ರಿಜ್ ಆರಿಸುತ್ತಾರೆ. ಅದರ ಗುಂಯ್ ಸದ್ದು ಮಾತಿನ ಅಡಿಯಲ್ಲಿ ಕೂತುಬಿಡುತ್ತದೆ. ಮತ್ತೆ ಹಾಕಲು ಮರೆಯಬಾರದೆಂದು ತಮ್ಮ ಕಾರಿನ ಕೀಲಿಯನ್ನು ಅದರೊಳಗೇ ಇಡುತ್ತಾರೆ. ಕೀಲಿ ತೆಗೆಯದೆ ಯಾರೂ ಹೊರಡಲಾರರು.

ಪ್ರತಿ ಭಾನುವಾರ ನಮ್ಮ ಕಾರು, ಅದರ ಕೀಲಿ ನನ್ನ ಬಳಿ ಇರುತ್ತಿತ್ತು. ಬ್ಯಾಲರಾಟ್‌ಗೆ, ಆ ಊರಲ್ಲಿರುವ ಅಮ್ಮನನ್ನು ನೋಡಲು ಹೋಗುತ್ತಿದ್ದೆ. ಹಾಗಾದರೆ ನಾನಿಲ್ಲದಾಗ ಅವನು ಮನೆಯಲ್ಲಿ ಯಾರದೋ ದನಿ ಹಿಡಿದಿದ್ದಾನೆ. ತನ್ನ ಕೀಲಿ ಇಲ್ಲದ್ದಕ್ಕೆ ಬಂದವಳ ಕೀಲಿ ಇಟ್ಟಿದ್ದಾನೆ. ಬಂದವಳು ಎಂದು ನಾನೇ ತೀರ್ಮಾನಿಸಿದೆ.

ಅವನ ಕೊನೆಯ ಭಾನುವಾರ ಸಂಜೆ ನಾನು ವಾಪಸು ಬಂದಾಗ ಫ್ರಿಜ್ ಆರಿತ್ತು. ಸಿಗಡಿ ನಾರುತ್ತಿತ್ತು.

"ಫ್ಯೂಸ್ ಹೋಗಿತ್ತೇನೋ ಕಣೇ."

"ದೀಪ ಉರೀತಾ ಇದ್ಯಲ್ಲ?"

"ಅಬ್ಬಾ, ಮನೇಲೂ ಡ್ಯೂಟಿ ಮಾಡ್ತೀಯಲ್ಲ ನೀನು!"

ಸಿಗಡಿ, ಹಾಲು ಎರಡನ್ನೂ ಕಸಕ್ಕೆ ಹಾಕಿದೆ. ಆಮೇಲೆ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಅವನು ಸೈಕಲ್ ಹತ್ತಿ ಕೆಲಸಕ್ಕೆ ಹೊರಟ. ಟ್ರಾಮ್ ಹಳಿಯ ಪಕ್ಕ ಒಂದು ಟ್ರಕ್ಕು ತಿರುಗಿತು. ಅಷ್ಟೇ.

ನನ್ನ ಕೆಲಸವೂ ಅದೇ ಧಾರಾವಾಹಿಯಲ್ಲಿ, ಕಂಟಿನ್ಯುಟಿ. ಯಾರ ಯಾವ ಕೈಯಲ್ಲಿ ಟೀ ಕಪ್ ಇತ್ತು, ಯಾರು ಎಲ್ಲಿ ಮಾತು ತಪ್ಪಿದರು ಎಂದು ಬರೆದಿಡುತ್ತೇನೆ. ಸಂಜೆ ಆ ವರದಿ ನಿರ್ಮಾಪಕರ ಮೇಜಿಗೆ ಹೋಗುತ್ತದೆ. ನಾವು ತೋರಿಸುವುದು ಮೆಲ್ಬರ್ನಿನ ಒಂದು ಬೀದಿಯನ್ನು: ಆರು ಮನೆ, ಒಂದೊಂದು ಮನೆಯಲ್ಲೂ ಒಬ್ಬರ ಮೇಲೊಬ್ಬರಿಗೆ ಗುಮಾನಿ. ಹನ್ನೊಂದು ವರ್ಷದಿಂದ ಜನ ಊಟದ ತಟ್ಟೆ ಹಿಡಿದು ನೋಡುತ್ತಿದ್ದಾರೆ.

ನನ್ನ ಗುಮಾನಿ ಟೆಸ್ ಮೇಲೆ. ಧಾರಾವಾಹಿಯಲ್ಲಿ ಸೊಸೆ, ಮೂವತ್ತೆರಡು ವರ್ಷ. ಡೆಕ್ಲನ್‌ನ ಮಣ್ಣಿನ ದಿನ ನನಗಿಂತ ಹೆಚ್ಚು ಅತ್ತವಳು. ನನ್ನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಆಗ ಒಳ್ಳೆಯ ಹುಡುಗಿ ಎಂದುಕೊಂಡಿದ್ದೆ. ಈಗ ಅವಳ ಕೈಚೀಲ, ಅವಳ ಬೂಟು, ಸೌಂಡಿನವರ ಜೊತೆ ಅವಳ ನಗು, ಎಲ್ಲವನ್ನೂ ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಮಂಗಳವಾರ ಅಡುಗೆಮನೆಯ ಸೆಟ್ಟಿನಲ್ಲಿ ಬೆಳಗಿನ ತಿಂಡಿಯ ದೃಶ್ಯ. ಟೋಸ್ಟರಿನ ಪಕ್ಕ, ಬ್ರೆಡ್ಡಿಗೆ ಸವರುವ ವೆಜಿಮೈಟ್ ಬಾಟಲಿಯ ಮುಂದೆ ಬೀಗದಕೈ ಇಟ್ಟೆ. ಯಾರ ಕಣ್ಣು ಎಲ್ಲಿ ನಿಲ್ಲುತ್ತದೆಂದು ನೋಡುವುದಕ್ಕೇ ನನಗೆ ಸಂಬಳ.

ನಿರ್ದೇಶಕ ಕೋಸ್ತಾ ಮಾನಿಟರ್ ಬಿಟ್ಟು ಎದ್ದ. "ಬ್ರೈಡಿ, ಈ ಕೀ ಹಿಂದಿನ ದೃಶ್ಯದಲ್ಲಿ ಇರ್ಲಿಲ್ಲ. ನಾನು ಹೀಗೆ ಮಾಡಿದ್ರೆ ನೀನು ನನ್ನ ಚರ್ಮ ಸುಲೀತಿದ್ದೆ."

"ಇದು ಮಾರನೇ ದಿನದ ದೃಶ್ಯ. ಇರ್ಲಿ."

"ನೀನು ಹೇಳಿದ್ಮೇಲೆ ಮುಗೀತು ಬಿಡು ಗುರೂ."

ಟೆಸ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಬೀಗದಕೈಯನ್ನು ಬ್ರೆಡ್ಡಿನ ಚೂರಿನಂತೆ ಪಕ್ಕಕ್ಕೆ ತಳ್ಳಿದಳು. "ಯಾರ್ದಪ್ಪಾ ಇದು? ಜಾಮ್ ಮೆತ್ಕೊಳತ್ತೆ." ಅವಳ ಮುಖದಲ್ಲಿ ಏನೂ ಇರಲಿಲ್ಲ. ಅವಳು ಅಷ್ಟು ಒಳ್ಳೆಯ ನಟಿಯಲ್ಲ.

ಅತ್ತೆಯ ಪಾತ್ರದ ಮೊರ್ನಾ ಒಳಗೆ ಬಂದರು. ಅವರಿಗೆ ಅರವತ್ತೊಂಬತ್ತು. ಅವರ ಮಾತು: 'ನಿನ್ನ ಗಂಡ ನಿನ್ನೆ ಎಲ್ಲಿದ್ದ, ಕೇಳಿದ್ಯಾ?'

"ನಿನ್ನ ಗಂಡ..." ಎಂದರು. ನಿಂತರು. ಬಲಗೈ ಕೋಟಿನ ಜೇಬಿಗೆ ಹೋಗಿ ತಡಕಾಡಿತು.

ಆ ದೃಶ್ಯವನ್ನು ನಾಲ್ಕು ಸಲ ತೆಗೆಯಬೇಕಾಯಿತು. ನಾಲ್ಕನ್ನೂ ಬರೆದುಕೊಂಡೆ.

ಊಟದ ಬಿಡುವಿನಲ್ಲಿ ಅವರೇ ತಿಂಡಿ ವ್ಯಾನಿನ ಹಿಂದೆ ನಾನಿದ್ದಲ್ಲಿಗೆ ಬಂದರು. ಕೈಯಲ್ಲಿ ಮೀಟ್ ಪೈ, ಕಚ್ಚಿರಲಿಲ್ಲ.

"ಅದು ನಂದು ಚಿನ್ನ. ನನ್ನ ಮನೇದು. ಆ ಭಾನುವಾರ ಮರೆತುಬಂದೆ. ಪಕ್ಕದ್ಮನೆಯವಳ ಹತ್ರ ಇನ್ನೊಂದಿತ್ತು, ಒಳಗೆ ಹೋದೆ. ಮಾರನೇ ದಿನ ಹೀಗಾಯ್ತು. ನಿನ್ನ ಫ್ರಿಜ್ಜಲ್ಲಿ ನನ್ನ ಕೀ ಇದೆ ಅಂತ ಯಾವ ಬಾಯಲ್ಲಿ ಕೇಳ್ಲಿ?"

"ಎಷ್ಟು ಭಾನುವಾರ?"

"ಎಂಟು."

"ಯಾಕೆ?"

"ಮಾತು ತಲೇಲಿ ನಿಲ್ತಾ ಇಲ್ಲ ಕಣೇ. ರಾತ್ರಿ ಓದಿದ್ದು ಬೆಳಿಗ್ಗೆ ಇರಲ್ಲ. ಅವನು ಬೇರೆಯವರ ಪಾತ್ರ ಎಲ್ಲ ಓದ್ತಿದ್ದ, ನಂದು ನಾನು. ರೆಕಾರ್ಡ್ ಮಾಡಿ ಫೋನಿಗೆ ಹಾಕ್ಕೊಡ್ತಿದ್ದ. ವಾರವಿಡೀ ಕಿವೀಲಿ ಇಟ್ಕೊಂಡು ಓಡಾಡ್ತಿದ್ದೆ." ಅವರ ಕಣ್ಣು ತುಂಬಿತು.

"ಅಳೋದು ಬೇಡ ಮೊರ್ನಾ. ನೀವು ಅಳೋದನ್ನ ವಾರಕ್ಕೆ ಎರಡು ಸಲ ನೋಡ್ತೀನಿ."

ಅವರು ನಕ್ಕುಬಿಟ್ಟರು. "ಬಿಡು, ಅದೂ ಈಗ ಯಾರೂ ನಂಬಲ್ಲ."

"ಕೊನೇ ಭಾನುವಾರದ ರೆಕಾರ್ಡಿಂಗ್ ಕೊಡಿ."

ಅವರ ನಗು ನಿಂತಿತು. "ಅದನ್ನ ಕೇಳ್ಬೇಡ ಪುಟ್ಟಾ."

"ಕೊಡಿ."

ಕಾರಿನ ಗಾಜು ಏರಿಸಿ, ರೆಕಾರ್ಡಿಂಗ್ ಹಾಕಿಕೊಂಡು ಕೂತೆ. ತೊಡೆಯ ಮೇಲೆ ಆ ವಾರದ ಹಳೆಯ ಸ್ಕ್ರಿಪ್ಟು, ಕೈಯಲ್ಲಿ ಪೆನ್ಸಿಲ್ಲು. ಮೊದಲು ಸದ್ದೇ ಇಲ್ಲದ ಅಡುಗೆಮನೆ, ನಮ್ಮದು. ಆಮೇಲೆ ಡೆಕ್ಲನ್: "ನಿನ್ನ ಬಿಟ್ರೆ ನಂಗ್ಯಾರಿದ್ದಾರೆ ಹೇಳು." ಸ್ಕ್ರಿಪ್ಟಿನ ಪುಟ ತಿರುವಿದೆ. ಹುಡುಕಿದೆ. ಹದಿನಾಲ್ಕನೆಯ ದೃಶ್ಯ, ಮೂರನೆಯ ಸಾಲು, ಗಂಡನ ಪಾತ್ರ. ಪದಕ್ಕೆ ಪದ ಇತ್ತು. ಮುಂದಿನದೂ ಇತ್ತು. ಒಂದೊಂದು ಸಾಲಿಗೂ ಗೀಟು ಹಾಕುತ್ತ ಹೋದೆ. ಪುಟದ ಹೊರಗೆ ಒಂದು ಮಾತೂ ಇರಲಿಲ್ಲ. ಹನ್ನೊಂದು ಪುಟ ಮುಗಿದವು. ಅವನು ರೆಕಾರ್ಡರ್ ಆರಿಸುವುದನ್ನು ಮರೆತಿದ್ದ.

ಮೊರ್ನಾ: "ಬ್ರೈಡಿಗೆ ಹೇಳ್ಬಿಡೋಣ ಕಣೋ. ಅವಳ ಮನೇಲೇ ಕೂತು ಕಳ್ಳರ ಥರ..."

"ಬೇಡ. ಒಳ್ಳೆಯವಳೇ ಅವಳು. ಆದ್ರೆ ಗೊತ್ತಾದ್ರೆ ವರದೀಲಿ ಬರೀತಾಳೆ. ಬರೆದ್ರೆ ನಿಮ್ಮ ಪಾತ್ರನ ಯಾವ್ದೋ ಆಕ್ಸಿಡೆಂಟಲ್ಲಿ ಸಾಯಿಸ್ತಾರೆ." ಅವನ ನಗು. "ಬರೀದೆ ಇರೋದು ಅವಳಿಗೆ ಬರಲ್ಲ."

ಕುರ್ಚಿ ಎಳೆದ ಸದ್ದು. ಮುಗಿಯಿತು.

ಇನ್ನೊಬ್ಬಳು ಇರಲಿಲ್ಲ. ಅಷ್ಟು ತಿಳಿಯಬೇಕಿತ್ತು, ತಿಳಿಯಿತು. ಎಂಟು ಭಾನುವಾರ ಅವನು ಮೊರ್ನಾರನ್ನು ಕಾಪಾಡಿದ್ದು ನನ್ನಿಂದ.

ಮಧ್ಯಾಹ್ನದ ದೃಶ್ಯದಲ್ಲಿ ಮೊರ್ನಾ ಒಂದು ಸಾಲು ನುಂಗಿ, ಇನ್ನೊಂದನ್ನು ತಿರುಗಿಸಿ ಹೇಳಿದರು. ಅರ್ಥ ಕೆಟ್ಟಿರಲಿಲ್ಲ. ಕೋಸ್ತಾ ಕೇಳಿದ: "ಬ್ರೈಡಿ, ಮಾತು ಸರೀನಾ?"

ಮೊರ್ನಾ ನನ್ನತ್ತ ನೋಡಲಿಲ್ಲ. ಟೀಪಾಟಿನ ಮುಚ್ಚಳ ಸರಿಮಾಡುತ್ತಿದ್ದರು.

"ಸರಿ," ಎಂದೆ.

ಸಂಜೆ ವರದಿಯಲ್ಲಿ ಅವರ ಹೆಸರಿನ ಮುಂದೆ ಖಾಲಿ ಬಿಟ್ಟೆ. ಬೆಳಗಿನ ನಾಲ್ಕು ಸಲಕ್ಕೆ 'ಮೇಲೆ ವಿಮಾನದ ಸದ್ದು' ಎಂದು ತಿದ್ದಿದೆ. ಇದಕ್ಕೆ ಮುಂಚೆ ಗೊತ್ತಾಗಿದ್ದರೆ ಬರೆಯುತ್ತಿದ್ದೆನೇ? ಬರೆಯುತ್ತಿದ್ದೆ, ಅನ್ನಿಸುತ್ತದೆ.

ಮೊರ್ನಾ ಕೋಟು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದರು.

"ಉಳಿದ ಏಳು ಭಾನುವಾರದ್ದೂ ಕೊಡಿ," ಎಂದೆ.

"ಇನ್ನೂ ಅನುಮಾನಾನಾ ನಿಂಗೆ?"

ಇವತ್ತಿಗೆ ಮುಂಚೆ ಅವನ ದನಿ ಕೇಳಿ ನಾಲ್ಕು ತಿಂಗಳಾಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ.

"ಹೂಂ," ಎಂದೆ.