ಮುಚ್ಚಿದ ಬಾಗಿಲ ಮುಂದೆ ದೊರೆ

“ನಾಯಿ ವಿಷ್ಯ ಆಮೇಲೆ ಮೇಡಂ, ಮೊದ್ಲು ನೀವು ಉಸಿರು ಬಿಡಿ,” ಎಂದ ನಂದೀಶ್.

ಸ್ಫೂರ್ತಿ ಬೆಚ್ಚಿ ಉಸಿರು ಬಿಟ್ಟಳು. ಹಿಡಿದುಕೊಂಡಿದ್ದೇ ಅವಳಿಗೆ ಗೊತ್ತಿರಲಿಲ್ಲ. ವೈಟ್‌ಫೀಲ್ಡಿನ ಆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಭಾನುವಾರ ಬೆಳಿಗ್ಗೆ ಆರು ನಾಯಿಗಳನ್ನು ಪಕ್ಕದಲ್ಲಿಟ್ಟುಕೊಂಡು ಆರು ಜನ ಚಾಪೆಯ ಮೇಲಿದ್ದರು. ನಂದೀಶ್ ನಡೆಸುವ, ಸಾಕಿದವರಿಗೂ ನಾಯಿಗೂ ಒಟ್ಟಿಗೇ ಟೆನ್ಷನ್ ಇಳಿಸುವ ತರಗತಿಯಂತೆ. ಊರಲ್ಲಿ ಹೇಳಿದರೆ ಬಿದ್ದು ಬಿದ್ದು ನಕ್ಕಾರು. ಐದು ನಾಯಿಗಳು ಮೈಚಾಚಿ ಗೊರಕೆ ಹೊಡೆಯುತ್ತಿದ್ದವು, ಇಬ್ಬರು ಯಜಮಾನರೂ ಅವಕ್ಕೆ ಜೊತೆಗೂಡಿದ್ದರು. ಅವಳ ಜೊತೆ ಬಂದ ದೊರೆ ಮಾತ್ರ ಕೂತೇ ಇದ್ದ, ಬಲ ಮುಂಗಾಲನ್ನು ನೆಕ್ಕುತ್ತ.

ಮೂರು ತಿಂಗಳಿಂದ ಅವನದು ಇದೇ ಕೆಲಸ. ಕೂದಲು ಉದುರಿ, ಚರ್ಮ ಹೋಗಿ, ಕೆಂಪು ಮಾಂಸ ಕಾಣುತ್ತಿತ್ತು. ಮುಲಾಮು, ಮಾತ್ರೆ, ಬ್ಯಾಂಡೇಜು ಎಲ್ಲ ಆಯಿತು. “ಇದು ಚರ್ಮದ ಕಾಯಿಲೆ ಅಲ್ಲ, ಮನಸ್ಸಿಂದು. ಇನ್ನೊಂದು ವಾರ ನೋಡೋಣ, ನಿಲ್ಲಿಸದಿದ್ರೆ ಬೆರಳು ತೆಗೀಬೇಕಾಗುತ್ತೆ,” ಎಂದಿದ್ದರು ಡಾಕ್ಟರು.

“ಬೊಗಳ್ತಾನಾ?” ನಂದೀಶ್ ಕೇಳಿದ.

“ಅಪ್ಪಾಜಿ ಹೋದಾಗಿಂದ ಒಂದ್ಸಲಾನೂ ಬೊಗಳಿಲ್ಲ. ಇವ್ನು ಅವ್ರ ನಾಯಿ.”

ನಂದೀಶ್ ವರ್ತೂರಿನ ಕಡೆಯ ಹುಡುಗ, ದನ ಕಟ್ಟಿದ ಮನೆಯವನು. “ನಮ್ಮಮ್ಮ ಏಳೋಳು ಮೇಡಂ, ಹಸ ಆಲು ಬಿಡ್ದಿದ್ರೆ ಹಸೂನ ಬೈಬ್ಯಾಡ, ಕರೆಯೋಳ ಮನ್ಸಲ್ಲಿ ಏನೈತೆ ನೋಡು ಅಂತ. ನಿಮ್ಮೆದೆ ಡವಡವ ಅಂತಿದ್ರೆ ಇವ್ನೆಂಗೆ ಮಲಗ್ತಾನೆ? ಇವ್ನಿಗೆ ಜಾಸ್ತಿ ಸಂಕಟ ಯಾವೊತ್ತಲ್ಲಿ?”

“ಬೆಳಿಗ್ಗೆ ಒಂಬತ್ತೂವರೆಗೆ. ಆವಾಗ ನಂಗೆ ಆನ್‌ಲೈನ್ ಮೀಟಿಂಗು.”

“ಅಂಗಾದ್ರೆ ಅದೇ ಒತ್ತಲ್ಲಿ ಇವ್ನ ಜೊತೆ ಕೂತ್ಕೊಳಿ.”

ಅವಳ ಮನಸ್ಸಿನಲ್ಲಿ ಏನಿದೆಯೆಂದು ಗಂಡ ಮಲ್ಲಿಕ್‌ಗೂ ಗೊತ್ತಿರಲಿಲ್ಲ.

ಅವಳ ತಂದೆ ಸಿದ್ದರಾಮಪ್ಪ ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು, ಬೀದಿಯಿಂದ ಎತ್ತಿ ತಂದ ಮರಿಗೆ ದೊರೆ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತರೆಂದರೆ ಮನೆಯಲ್ಲಿ ಯಾರೂ ಪಿಟ್ಟೆನ್ನುವಂತಿಲ್ಲ. ಬಾಗಿಲು ತಟ್ಟುವಂತಿಲ್ಲ, ಕರೆಯುವಂತಿಲ್ಲ. ಸ್ಫೂರ್ತಿ ಅಂಬೆಗಾಲಿಡುವಾಗಲೇ ಕಲಿತ ನಿಯಮ ಅದು. ದೊರೆಯೂ ಕಲಿತು ಹೊಸ್ತಿಲಾಚೆ ತೆಪ್ಪಗೆ ಮಲಗಿರುತ್ತಿದ್ದ.

ಆ ದಿನ ಮಾತ್ರ ಬೊಗಳಿದ. ಅಪ್ಪಾಜಿಯ ಬಾಗಿಲನ್ನು ಪರಚಿ ಪರಚಿ ಬೊಗಳಿದ. “ಪೂಜೆ ನಡೀತಿದೆ, ಬಾಯ್ಮುಚ್ಚೋ!” ಎಂದು ಪಿಸುಗುಟ್ಟಿ, ಮೂತಿಗೊಂದು ಬಾರಿಸಿ, ಅವನನ್ನು ಬಾಲ್ಕನಿಗೆ ದಬ್ಬಿ ಗಾಜಿನ ಬಾಗಿಲು ಎಳೆದಳು. ಮತ್ತೆ ಮೀಟಿಂಗಿಗೆ ಕೂತಳು. ಗಾಜನ್ನು ಕೆರೆಯುವುದು ಬಹಳ ಹೊತ್ತು ಕೇಳುತ್ತಿತ್ತು. ಅಪ್ಪಾಜಿಯ ಬಾಗಿಲು ತೆರೆಯುವ ಧೈರ್ಯ ಬರುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಒಳಗೆ ಅವರು ಪೂಜೆಯ ಮಣೆಯ ಪಕ್ಕ ಕುಸಿದಿದ್ದರು.

“ಪೂಜೇಲೇ ಲಿಂಗೈಕ್ಯ ಆದ್ರು, ಪುಣ್ಯವಂತ್ರು ಕಣಮ್ಮ,” ಎಂದರು ಬಂದವರೆಲ್ಲ. ಅರ್ಧ ಗಂಟೆ ಮುಂಚೆ ಕರೆತಂದಿದ್ದರೆ ಎಂದು ಆಸ್ಪತ್ರೆಯವರು ಹೇಳಿದ್ದು ಅವಳೊಬ್ಬಳಿಗೇ. ಅವಳು ಪುಣ್ಯದ ಮಾತಿಗೆ ತಲೆಯಾಡಿಸಿದಳು, ಇನ್ನೊಂದನ್ನು ನುಂಗಿದಳು. ನುಂಗಿದ್ದು ಅರಗಲಿಲ್ಲ.

ಸೋಮವಾರ, ಮಂಗಳವಾರ ಒಂಬತ್ತೂವರೆಗೆ ರಜೆ ಹೇಳಿ ಹಾಲ್‌ನಲ್ಲಿ ದೊರೆಯ ಪಕ್ಕ ಕೂತಳು. ಅವನು ನೆಕ್ಕುತ್ತಲೇ ಇದ್ದ. ಬುಧವಾರ ತಡೆಯಲಾಗಲಿಲ್ಲ. “ನೀನು ಹೇಳಿದ್ದೆ ಕಣೋ. ನಾನೇ ಕೇಳ್ಲಿಲ್ಲ,” ಎಂದು ಅವನ ಕಿವಿಯ ಬಳಿ ಹೇಳಿ ಅತ್ತಳು. ಮೂರು ತಿಂಗಳಲ್ಲಿ ಅದೇ ಮೊದಲ ಅಳು. ದೊರೆ ಒಂದು ಸಲ ತಲೆಯೆತ್ತಿ ನೋಡಿದ, ಮತ್ತೆ ಕಾಲಿಗೆ ನಾಲಿಗೆ ಹಚ್ಚಿದ.

ಗುರುವಾರದ ಮೀಟಿಂಗನ್ನು ತಪ್ಪಿಸುವಂತಿರಲಿಲ್ಲ. ಅವಳು ಲೆಕ್ಕ ಒಪ್ಪಿಸುವವಳಂತೆ ಗಡಗಡ ಮಾತಾಡುತ್ತಿರುವಾಗ ಹಿಂದಿನಿಂದ ಒಂದು ಬೊಗಳು ಕೇಳಿತು. ಗಂಟಲು ಒಣಗಿದ, ಒಂದೇ ಒಂದು ಬೊಗಳು.

“ಸ್ಫೂರ್ತಿ, ನಿಮ್ ಡಾಗ್‌ನ ಸ್ವಲ್ಪ ಆಚೆ ಕಳಿಸ್ತೀರಾ?” ಎಂದರು ಮ್ಯಾನೇಜರು.

ಅವಳು ಹೆಡ್‌ಫೋನ್ ಕಿತ್ತಿಟ್ಟು ಎದ್ದಳು. ದೊರೆ ಅಪ್ಪಾಜಿಯ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದ. “ಬಂದೆ ಕಣೋ, ಬಂದೆ,” ಎಂದವಳೇ ತಟ್ಟದೆ, ಕರೆಯದೆ ಬಾಗಿಲು ತೆರೆದಳು.

ಒಳಗೆ ಯಾರೂ ಇರಲಿಲ್ಲ. ಕಿಟಕಿಯ ಬಿಸಿಲು ನೆಲಕ್ಕೆ ಬಿದ್ದಿತ್ತು, ಮಣೆಯ ಅಂಚಿನಲ್ಲಿ ಒಂದಿಷ್ಟು ವಿಭೂತಿ ಹಾಗೇ ಉಳಿದಿತ್ತು. ದೊರೆ ಮೂಲೆ ಮೂಲೆ ಮೂಸಿ ಬಂದು, ಮಣೆಯ ಪಕ್ಕ ಭಾರವಾಗಿ ಮಲಗಿದ. ಸ್ಫೂರ್ತಿ ನೆಲದ ಮೇಲೆ ಕೂತು, ಹುಣ್ಣಾದ ಆ ಕಾಲನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಅವನು ಎಳೆದುಕೊಳ್ಳಲಿಲ್ಲ. ಹಾಲ್‌ನಿಂದ ಲ್ಯಾಪ್‌ಟಾಪು ಅವಳ ಹೆಸರು ಹಿಡಿದು ಕರೆಯುತ್ತಲೇ ಇತ್ತು. ಅವಳು ಕಾಲನ್ನೇ ನೋಡುತ್ತ ಕೂತಿದ್ದಳು.