ಬೆನ್ನ ಮೇಲಿನ ಅಕ್ಷರ

ಗಂಡ ತೀರಿಕೊಂಡ ಮೇಲೆ ಹೊಲಿಗೆ ಅಂಗಡಿಯೂ ಅದರ ಮೇಲಿನ ಖಾಲಿ ಮಹಡಿಯೂ ಟೈಲರಮ್ಮನ ಪಾಲಿಗೆ ಉಳಿದವು. ಬೆಳಿಗ್ಗೆ ಅಂಗಡಿ ತೆರೆಯಲು ಬಂದಾಗಲೆಲ್ಲ ಮೆಟ್ಟಿಲ ಮೇಲೆ ಹುಡುಗರು ಮುದುಡಿ ಮಲಗಿರುತ್ತಿದ್ದರು. ಮೂಟೆ ಹೊರುವವರು, ಬಾಟಲಿ ಆಯುವವರು, ಹೇಳುವವರು ಕೇಳುವವರು ಇಲ್ಲದವರು. ಅವರನ್ನು ದಾಟಿಕೊಂಡು ಒಳಗೆ ಹೋಗುವುದು ಅವಳಿಗೂ ರೂಢಿಯಾಗಿಬಿಟ್ಟಿತ್ತು. ಒಂದು ಚಳಿಯ ಬೆಳಿಗ್ಗೆ ಹಾಗೆ ದಾಟುವಾಗ ಒಬ್ಬ ನಿದ್ದೆಗಣ್ಣಲ್ಲೇ ಕಾಲು ಮಡಚಿಕೊಂಡು ಅವಳಿಗೆ ದಾರಿ ಬಿಟ್ಟ. ಅವಳು ಅಂದೇ ಮಹಡಿಯ ಬೀಗ ತೆಗೆಸಿದಳು.

"ಅಕ್ಕಾ, ನಿಂಗೇನು ತಲೆ ಕೆಟ್ಟಿದ್ಯಾ?" ಎಂದ, ಬೇಕರಿ ನಡೆಸುವ ಅವಳ ತಮ್ಮ. "ಇವರನ್ನೆಲ್ಲ ಕಟ್ಕೊಂಡು ಏನ್ ಮಾಡ್ತೀಯ?"

"ಮೊದ್ಲು ಸ್ನಾನ ಮಾಡಿಸ್ತೀನಿ. ಆಮೇಲಿನದ್ದು ಆಮೇಲೆ. ನೀನು ಬ್ರೆಡ್ ಕಳ್ಸು."

ಗೊಣಗುತ್ತಲೇ ಕಳಿಸಿದ. ಹುಡುಗರು ಅವಳನ್ನು ದೊಡ್ಡಮ್ಮ ಎಂದರು, ಶಾಲೆಗೆ ಸೇರಿದರು. ಮಹಡಿ ತುಂಬಿತು. ಆಗ ಎದುರು ಬೀದಿಯ ವಕೀಲರು ಬಂದು ಕೂತರು.

"ಹೀಗೇ ಎಷ್ಟು ದಿನ ನಡೆಯುತ್ತಮ್ಮ? ನಾಳೆ ನಿಮಗೇನಾದ್ರೂ ಆದ್ರೆ ಹುಡುಗರು ಮತ್ತೆ ಬೀದಿಗೆ. ಇದೊಂದು ಸಂಸ್ಥೆ ಆಗ್ಬೇಕು, ಸಮಿತಿ ಅಂತ ಇರ್ಬೇಕು."

ಸಮಿತಿಯಾಯಿತು. ವಕೀಲರು, ತಮ್ಮ, ಟೈಲರಮ್ಮ. ಅಧ್ಯಕ್ಷರಾಗಿ ಬಟ್ಟೆ ಅಂಗಡಿಯ ಸಾಹುಕಾರರು. ಸಾಹುಕಾರರದು ದೊಡ್ಡ ಕೈ. ಸೋರುವ ಸೂರು ಸರಿಮಾಡಿಸಿದರು, ಮಂಚ ಹಾಕಿಸಿದರು. ಆದರೆ ತಾವು ಮಾಡಿದ್ದು ನಾಲ್ಕು ಜನರ ಕಣ್ಣಿಗೆ ಬೀಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಒಂದು ದಿನ ಎಲ್ಲರಿಗೂ ಹಳದಿ ಅಂಗಿ ಹೊಲಿಸಿ ತಂದರು. ಬೆನ್ನ ಮೇಲೆ ದಪ್ಪಕ್ಷರದಲ್ಲಿ 'ಬಡವರ ಆಶ್ರಯ', ಅದರ ಕೆಳಗೆ ತಮ್ಮ ಅಂಗಡಿಯ ಹೆಸರು.

ಕಡ್ಡಿ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗ ಲೆಕ್ಕದಲ್ಲಿ ಚೂಟಿ. ಹೊಸ ಅಂಗಿ ತೊಟ್ಟು ಶಾಲೆಗೆ ಹೋದ ಮೊದಲ ದಿನ ಅವನು ಹೊಟ್ಟೆನೋವೆಂದು ಮಧ್ಯಾಹ್ನವೇ ಮನೆಗೆ ಬಂದ. ಮರುದಿನ ಇನ್ನಷ್ಟು ಹುಡುಗರಿಗೆ ಹೊಟ್ಟೆನೋವು. ಟೈಲರಮ್ಮ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ಕೆದಕಿದಳು.

"ಕ್ಲಾಸಲ್ಲಿ ಎಲ್ರೂ ಬಿಟ್ಟಿ, ಬಿಟ್ಟಿ ಅಂತಾರೆ ದೊಡ್ಡಮ್ಮ. ಬೆನ್ನನ್ನ ಗೋಡೆಗೆ ಒತ್ಕೊಂಡು ಕೂತಿರ್ತೀನಿ. ಮೇಷ್ಟ್ರು ಬೋರ್ಡ್ ಹತ್ರ ಕರೆದಾಗ ಏನ್ ಮಾಡ್ಲಿ?"

ಟೈಲರಮ್ಮ ಅಲ್ಲಿಂದಲೇ ಎದ್ದಳು. ಅಂಗಿಗಳನ್ನೆಲ್ಲ ಒಟ್ಟುಮಾಡಿ ಗಂಟುಕಟ್ಟಿ ಅಟ್ಟಕ್ಕೆ ಎಸೆದಳು.

ಸುದ್ದಿ ತಿಳಿದ ಸಾಹುಕಾರರು ಸಭೆ ಕರೆದು ಸಿಡಿದರು. "ನಾನು ಕೊಟ್ಟಿದ್ದನ್ನ ಅಟ್ಟಕ್ಕೆ ಹಾಕಿದ್ರಂತೆ! ನನಗಿಲ್ಲಿ ಮರ್ಯಾದೆ ಇಲ್ವಾ?"

ತಮ್ಮ ಅಕ್ಕನಿಗೆ ಸುಮ್ಮನಿರು ಎಂದು ಕಣ್ಣುಸನ್ನೆ ಮಾಡಿದ. ಸಾಹುಕಾರರು ಕೈಬಿಟ್ಟರೆ ಸಂಸ್ಥೆಯ ಗತಿಯೇನು ಎಂದು ಅವಳಿಗೂ ಅಳುಕಿತ್ತು. ಆದರೂ ಚೀಲದಿಂದ ಒಂದು ಹಳದಿ ಅಂಗಿ ತೆಗೆದು ಮೇಜಿನ ಮೇಲಿಟ್ಟಳು.

"ನಿಮ್ಮ ಅಳತೆ ನನಗೆ ಬಾಯಿಪಾಠ ಸಾಹುಕಾರ್ರೇ. ನಿಮಗೂ ಒಂದು ಹೊಲಿದೆ. ಅದೇ ಬಟ್ಟೆ, ಅದೇ ಅಕ್ಷರ. ಇದನ್ನ ಹಾಕ್ಕೊಂಡು ಬಸ್‌ಸ್ಟ್ಯಾಂಡ್ ತನಕ ಹೋಗ್ಬನ್ನಿ. ಆಮೇಲೆ ನೀವು ಹೇಳಿದ ಹಾಗೆ."

"ಓಹೋ, ಅದರಲ್ಲೇನಿದೆ? ನನ್ನ ಅಂಗಡಿ ಹೆಸರೇ ತಾನೇ!" ಎಂದು ಸಾಹುಕಾರರು ಠೀವಿಯಿಂದ ಹೊರಟೇಬಿಟ್ಟರು.

ವಾಪಸು ಬಂದದ್ದು ಹಿಂದಿನ ಓಣಿಯಿಂದ. ಕೈಯಲ್ಲೊಂದು ಬನ್ನು. ಅದನ್ನು ಮೇಜಿನ ಮೇಲಿಟ್ಟು ಕೂತರು.

"ಬಸ್ಸಿಗೆ ಕಾಯ್ತಿದ್ದ ಯಾರೋ ಹೆಂಗಸು ಕೊಟ್ಲು. 'ತಿನ್ನು ತಾತ' ಅಂದ್ಲು. ಪಾಪ, ಒಳ್ಳೆಯವಳೇ." ಬನ್ನನ್ನು ಪಕ್ಕಕ್ಕೆ ಸರಿಸಿದರು. "ಆದ್ರೆ ನನ್ನ ಮುಖಾನೇ ನೋಡ್ಲಿಲ್ಲ ಕಣಮ್ಮ. ಬೆನ್ನು ಓದಿ ಕೊಟ್ಬಿಟ್ಲು."

ಸಾಹುಕಾರರೇ ಎದ್ದು ಅಂಗಿ ಕಳಚಿದರು. "ನಾಳೆ ಹುಡುಗರನ್ನ ಅಂಗಡಿಗೆ ಕಳ್ಸಿ. ಅವರವರಿಗೆ ಇಷ್ಟವಾದ ಬಣ್ಣ ಅವರೇ ಆರಿಸ್ಕೊಳ್ಳಲಿ. ಅಕ್ಷರ ಗಿಕ್ಷರ ಏನೂ ಬೇಡ."

"ಇನ್ನೊಂದಿದೆ," ಎಂದಳು ಟೈಲರಮ್ಮ, ಕಬ್ಬಿಣ ಕಾದಿರುವಾಗಲೇ. "ಅವರ ವಿಷಯ ತೀರ್ಮಾನ ಆಗೋವಾಗ ಅವರೂ ಇಲ್ಲಿ ಕೂತಿರ್ಬೇಕು. ಹುಡುಗರೇ ಆರಿಸಿದ ಒಬ್ಬ, ಸಮಿತೀಲಿ."

"ಐಸ್‌ಕ್ರೀಂ ಬೇಕು ಅಂತ ಠರಾವು ತರ್ತಾನೆ ಅಷ್ಟೇ!" ಎಂದ ತಮ್ಮ.

"ತರ್ಲಿ ಬಿಡಪ್ಪ," ಎಂದು ಮೊದಲು ಕೈ ಎತ್ತಿದವರು ಸಾಹುಕಾರರು. ವಕೀಲರು ನಿಯಮ ಬರೆದರು.

ಹುಡುಗರು ಚೀಟಿ ಹಾಕಿ ಕಡ್ಡಿಯನ್ನು ಆರಿಸಿದರು. ಮುಂದಿನ ಸಭೆಗೆ ಅವನು ತಾನೇ ಆರಿಸಿದ ನೀಲಿ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದ. ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

"ಏನಪ್ಪಾ ಸದಸ್ಯರೇ, ನಿಮ್ಮ ಬೇಡಿಕೆ?" ಎಂದರು ಸಾಹುಕಾರರು.

"ಬಚ್ಚಲುಮನೆಗೆ ಒಳಗಿಂದ ಚಿಲಕ ಬೇಕು ಸಾರ್. ಯಾರಾದ್ರೂ ನುಗ್ತಾರೆ ಅಂತ ಹಾಡು ಹೇಳ್ಕೊಂಡೇ ಸ್ನಾನ ಮಾಡ್ಬೇಕು. ನಂಗೆ ಹಾಡೇ ಬರಲ್ಲ."

ದೊಡ್ಡವರು ಸೂರು, ಮಂಚ, ಫ್ಯಾನು, ಕಪಾಟು ಎಲ್ಲ ಯೋಚಿಸಿದ್ದರು. ಇದೊಂದು ಯಾರ ತಲೆಗೂ ಹೊಳೆದಿರಲಿಲ್ಲ. ಟೈಲರಮ್ಮನಿಗೆ ನಾಚಿಕೆಯೂ ಆಯಿತು, ಎದೆ ಉಬ್ಬಿಯೂ ಬಂತು.

ಠರಾವು ಒಮ್ಮತದಿಂದ ಪಾಸಾಯಿತು. ಸಂಜೆಯೊಳಗೆ ಬಡಗಿ ಬಂದು ಹೊಳೆಯುವ ಚಿಲಕ ಜಡಿದು ಹೋದ. ಅಂದು ನೀರು ಕಂಡರೆ ಓಡುವ ಹುಡುಗರೂ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಮುಂದೆ ಸಾಲು ನಿಂತರು. ಒಬ್ಬೊಬ್ಬನೂ ಒಳಗೆ ಹೋಗಿ ಠಣ್ಣನೆ ಚಿಲಕ ಹಾಕುವ, ತೆಗೆಯುವ, ಮತ್ತೆ ಹಾಕುವ.

"ನೀರು ಖಾಲಿಯಾಗುತ್ತೆ ಕಣ್ರೋ!" ಎಂದು ಮೆಟ್ಟಿಲ ಬುಡದಿಂದ ಕೂಗಿದ ಟೈಲರಮ್ಮ, ನಗು ತಡೆಯಲಾರದೆ ಅಲ್ಲೇ ಕುಳಿತುಬಿಟ್ಟಳು.