ಹಸಿರು ಗಾಡಿ, ಪಕ್ಕದ ಸೀಟು

ಕಾಲ ಬುಡಕ್ಕೇ ತಣ್ಣನೆ ಗಾಳಿ ಬಿಡುತ್ತಾರೆ ಈ ಕಾರಿನಂಗಡಿಯವರು, ಬಂದವರಿಗಲ್ಲ, ಗಾಡಿಗಳಿಗೆ, ಟೈರು ಬೆವರಬಾರದು ಅಂತಲೋ ಏನೋ, ಕೂತವರ ಮಂಡಿ ಹಿಡಿದುಕೊಂಡರೆ ಇವರಪ್ಪನ ಗಂಟೇನು ಹೋಗಬೇಕು — ಅವಳು ಸೋಫಾದ ಮೇಲೆ ಕಾಲು ಮಡಚಿ ಕೂರಲು ನೋಡಿದಳು, ಇಷ್ಟು ಬೆಳ್ಳಗಿನ ಸೋಫಾದ ಮೇಲೆ ಅದೂ ಚೆನ್ನಾಗಿರುವುದಿಲ್ಲವೆಂದು ಮತ್ತೆ ಇಳಿಬಿಟ್ಟಳು, ಎದುರಿಗೆ ಕೆಂಪು ಬಟ್ಟೆ ಹೊದ್ದು ಗಾಡಿ ನಿಂತಿದೆ, ಬಟ್ಟೆ ಸಾಲದ ಕಡೆ ಒಂದು ಗೇಣು ಹಸಿರು ಇಣುಕುತ್ತಿದೆ, ಕಪ್ಪಿಗೆ ತಿರುಗುವ ಹಸಿರು, ಬಣ್ಣದ ಪುಸ್ತಕದಲ್ಲಿ ಅವಳೇ ಬೆರಳಿಟ್ಟು ಆರಿಸಿದ್ದು, ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಕೈಯಲ್ಲಿ ಹಾಕುವ ಗೇರು, ಈಗ ಯಾರು ಮಾಡುತ್ತಾರೆ ಅಂಥ ಗಾಡಿ, ಕಂಪನಿಯವರು ತೊಟ್ಟಿಕ್ಕಿಸಿದ ಹಾಗೆ ಒಂದೊಂದೇ ಬಿಡುತ್ತಾರೆ, ಊರೆಲ್ಲ ಬಾಯಿ ಬಿಟ್ಟುಕೊಂಡು ಕಾಯುತ್ತದೆ, ಅವಳೂ ಕಾದಳು. ಬೆಳಿಗ್ಗೆ ಫೋನು ಬಂತು, ಮೇಡಂ ಸ್ವಲ್ಪ ಬಂದು ಹೋಗ್ತೀರಾ, ಗಾಡಿ ವಿಷಯ, ಅಂದ, ಅಂದವನು ಹಾಫ್ ಕ್ಲಚ್ಚು, ಅಂದರೆ ಇಲ್ಲಿಯ ಮ್ಯಾನೇಜರು, ಈಗ ಕೋಟು ಟೈ ಎಲ್ಲ ಇದೆ, ಒಂದು ಕಾಲದಲ್ಲಿ ಅವಳ ಹತ್ತಿರ ಗಾಡಿ ಕಲಿಯಲು ಬಂದು, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆಯಲು ಧೈರ್ಯ ಸಾಲದೆ, ಅರ್ಧ ಒತ್ತಿಕೊಂಡೇ ಮೈದಾನವೆಲ್ಲ ಸುಟ್ಟ ವಾಸನೆ ಎಬ್ಬಿಸಿದವನು, ಬಿಡಪ್ಪಾ, ಪೂರ್ತಿ ಬಿಡು, ಬಿಡ್ತಾ ಇದೀನಿ ಮೇಡಂ, ಎಲ್ಲಿ ಬಿಟ್ಟ, ಇವತ್ತಿಗೂ ಬಿಟ್ಟಿಲ್ಲ, ಬರುತ್ತೆ ಅನ್ನುವುದಿಲ್ಲ, ಬರಲ್ಲ ಅನ್ನುವುದಿಲ್ಲ, ಬರಬಹುದು ಮೇಡಂ, ಆಗಬಹುದು ಮೇಡಂ, ಈ ತಿಂಗಳ ಕೊನೆಗೆ ಒಂದು ಅಂದಾಜು ಸಿಗುತ್ತೆ ಮೇಡಂ, ಮೊದಲು ಮುಂಗಡ ಕಟ್ಟಿದವರು ನೀವೇ, ನಿಮ್ಮನ್ನ ಬಿಟ್ಟು ಬೇರೆಯವರಿಗೆ ಕೊಡ್ತೀವಾ.

ಈ ಅಂಗಡಿಯಲ್ಲಿ ಒಂದು ಪದ್ಧತಿ ಇದೆ, ಯಾರದಾದರೂ ಗಾಡಿ ಹೊರಡುವ ಹೊತ್ತಿಗೆ ಕೆಲಸದವರೆಲ್ಲ ಮೇಜು ಬಿಟ್ಟು ಬಂದು ಸಾಲಾಗಿ ನಿಲ್ಲಬೇಕು, ಕೊಂಡವರು ಕೆಂಪು ಬಟ್ಟೆ ಎಳೆಯಬೇಕು, ಎಳೆದೊಡನೆ ಎಲ್ಲರೂ ಚಪ್ಪಾಳೆ ಹೊಡೆಯಬೇಕು, ಸುಮ್ಮನೆ ಕೂತವಳಿಗೂ ನಾಚಿಕೆಯಾಗಿ ಕೈ ತಟ್ಟಬೇಕು — ಬಂದಾಗಲೆಲ್ಲ ತಟ್ಟಿದ್ದಾಳೆ, ಬಿಳಿ ಗಾಡಿಗೆ ತಟ್ಟಿದಳು, ಕರಿ ಗಾಡಿಗೆ ತಟ್ಟಿದಳು, ಹೊಸದಾಗಿ ಮದುವೆಯಾದವರ ಹಳದಿ ಗಾಡಿಗೆ ತಟ್ಟಿದಳು, ಪ್ರತಿಸಲವೂ ಮನೆಗೆ ಹೋಗುವಾಗ ಅಂಗೈ ಉರಿ. ಇನ್ನೂ ಬರಲಿಲ್ವಾ ಅಕ್ಕಾ ನಿನ್ನ ರಥ, ಅನ್ನುತ್ತಾನೆ ತಮ್ಮ, ಅನ್ನದೆ ಬಿಡುವವನೇ ಅವನು, ಈ ವಯಸ್ಸಿನಲ್ಲಿ ಎರಡು ಸೀಟಿನ ಗಾಡಿ ಯಾಕೆ, ನನ್ನ ಕೂರಿಸ್ಕೊಳ್ತೀಯಾ ತರಕಾರಿ ಕೂರಿಸ್ತೀಯಾ, ನಗಲಿ, ಅವನಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ, ಹೇಳಿದರೆ ಅರ್ಧ ಗಂಟೆಯಲ್ಲಿ ಕೀಲಿಗೊಂಚಲೆಲ್ಲ ಅವನ ಜೇಬು ಸೇರುತ್ತದೆ, ಕಣ್ಣಿನ ಡಾಕ್ಟರಿಗೂ ಅವಳಿಗೂ ಮಾತ್ರ ಗೊತ್ತಿರುವ ಸಂಗತಿ ಅದು, ಕಣ್ಣಿನ ನರ ಒಣಗ್ತಾ ಇದೆ, ಕುರುಡು ಅಂಚಿನಿಂದ ಒಳಕ್ಕೆ ಬರುತ್ತೆ, ಅಂದಳು ಆ ಡಾಕ್ಟರು ಹುಡುಗಿ, ಎದುರಿಗಿರೋದು ಚೆನ್ನಾಗೇ ಕಾಣುತ್ತೆ, ಅದಕ್ಕೇ ನಿಮಗೆ ಗೊತ್ತಾಗಲ್ಲ. ಗಲ್ಲ ಊರಿ ಆ ಪೆಟ್ಟಿಗೆಯೊಳಗೆ ನೋಡು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತು, ಒತ್ತಿದಳು, ಒಂದಷ್ಟು ಹೊತ್ತು ಕಂಡು ಒತ್ತಿದಳು, ಆಮೇಲೆ ಏನೂ ಕಾಣದಿದ್ದಾಗ, ಇಷ್ಟು ಹೊತ್ತಿಗೆ ಒಂದು ಬಂದಿರಬೇಕು ಅಂತ ಅಂದಾಜಿನ ಮೇಲೂ ಒತ್ತಿದಳು, ಪರೀಕ್ಷೆಯಲ್ಲಿ ಪಕ್ಕದವರ ಉತ್ತರ ನೋಡುವ ಹಾಗೆ, ಯಾರ ಉತ್ತರ ನೋಡಿದ ಹಾಗಾಯಿತು ಅದು, ಡಾಕ್ಟರು ಕಾಗದ ನೋಡಿ ಅಂದಳು, ಹಗಲು ಹೊತ್ತು ಸದ್ಯಕ್ಕೆ ಓಡಿಸಬಹುದು ಅಮ್ಮಾ, ಎಲ್ಲಿಗಾದ್ರೂ ಹೋಗಬೇಕು ಅಂತ ಆಸೆ ಇದ್ರೆ ಈಗಲೇ ಹೋಗಿಬನ್ನಿ, ಮುಂದಕ್ಕೆ ಹಾಕಬೇಡಿ. ಅವತ್ತು ಅಲ್ಲಿಂದ ಮನೆಗೆ ಹೋಗದೆ ನೇರ ಇಲ್ಲಿಗೆ ಬಂದವಳು ಅವಳು, ಮುಂಗಡ ಕಟ್ಟಿದ್ದು ಅವತ್ತೇ.

ಎಲ್ಲಿಗೆ ಅಂತ ಏನಿಲ್ಲ, ಊರ ಹೊರಗೆ ಗುಡ್ಡ ಬಳಸಿ ಹೋಗುವ ರಸ್ತೆ, ಅಷ್ಟೇ, ಒಬ್ಬಳೇ, ಪಕ್ಕದ ಸೀಟು ಖಾಲಿ — ಗಾಡಿ ಕಲಿಸುವವಳ ಬಾಳೆಲ್ಲ ಪಕ್ಕದ ಸೀಟಿನಲ್ಲೇ ಕಳೆಯಿತಲ್ಲ, ಕಾಲ ಕೆಳಗೆ ಅವಳದೇ ಒಂದು ಬ್ರೇಕು, ಬೆನ್ನ ಹಿಂದೆ ಬ್ರೇಕಮ್ಮ ಅನ್ನುತ್ತಾರೆ ಎಲ್ಲರೂ, ಗೊತ್ತಿಲ್ಲವೇ, ಸ್ಟೀರಿಂಗು ಬೇರೆಯವರದು, ಭಯ ಅವಳದು, ನಾಯಿ ರಸ್ತೆಗೆ ಇಳಿಯುವ ಮೊದಲೇ ಅದರ ಮನಸ್ಸಿನಲ್ಲಿರುವುದು ಇವಳಿಗೆ ಗೊತ್ತಾಗಬೇಕು, ಚೆಂಡು ಉರುಳಿ ಬಂದರೆ ಹಿಂದೆ ಬರುವ ಮಗು ಕಾಣಬೇಕು, ಕಂಡಿದೆ, ಇಷ್ಟು ವರ್ಷ ಕಂಡಿದೆ, ಒಂದು ಗೀರೂ ಬಿದ್ದಿಲ್ಲ, ಡಾಕ್ಟರು ಹೇಳಿದ ಮೇಲೆ ರಸ್ತೆಯ ಪಾಠವೆಲ್ಲ ತಮ್ಮನಿಗೆ ಬಿಟ್ಟು ಸೊಂಟನೋವಿನ ನೆಪ ಹೇಳಿ ಮೈದಾನದ ಪಾಠ ಮಾತ್ರ ಇಟ್ಟುಕೊಂಡಿದ್ದಾಳೆ, ಅಷ್ಟು ನಿಯತ್ತು ಇದೆ. ಹಾಫ್ ಕ್ಲಚ್ಚು ಬರುತ್ತಿದ್ದಾನೆ, ಕಾಗದದ ಲೋಟದಲ್ಲಿ ಕಾಫಿ ಹಿಡಿದುಕೊಂಡು, ತಾನೇ ತರುತ್ತಿದ್ದಾನೆ, ಮ್ಯಾನೇಜರೇ ಕಾಫಿ ತಂದರೆ ಒಳ್ಳೆಯ ಸುದ್ದಿಯಲ್ಲ, ಅವಳಿಗೆ ಆಗಲೇ ತಿಳಿಯಿತು, ಆದರೂ ಕೈ ಚಾಚಿ ಲೋಟ ತೆಗೆದುಕೊಂಡಳು. ಮೇಡಂ ಹೇಗೆ ಹೇಳಬೇಕೋ ಗೊತ್ತಾಗ್ತಿಲ್ಲ, ಅಂದ, ಈ ಗಾಡಿ ಬೇರೆಯವರಿಗೆ ಹೋಗ್ತಾ ಇದೆ, ನಿಮ್ಮದು ಮುಂದಿನ ಸಲ, ಮುಂದಿನ ಸಲ ಅಂದ್ರೆ ಬರೋ ವರ್ಷ ಆಗಬಹುದು. ನನ್ನದೇ ಬಣ್ಣ ಅಲ್ವೇನೋ ಅದು, ಅಂದಳು, ಧ್ವನಿ ತನ್ನದೋ ಅಲ್ಲವೋ ಅನ್ನುವ ಹಾಗೆ ಕೇಳಿಸಿತು, ಅವನು ಟೈ ನೋಡಿಕೊಂಡ, ನಿಮ್ಮದೇ ಮೇಡಂ, ನಿಮಗೆ ಅಂತಲೇ ತರಿಸಿದ್ದು, ಸುಳ್ಳು ಹೇಳಲ್ಲ, ಆದ್ರೆ ಮಾಲೀಕರು ಬೆಲೆ ಮೇಲೆ ಇನ್ನು ಸ್ವಲ್ಪ ಕೊಡೋರಿಗೆ ಕೊಡು ಅಂದುಬಿಟ್ರು, ಈಗ ಎಲ್ಲಾ ಕಡೆ ಹಾಗೇ ನಡೀತಿದೆ. ಮತ್ತೆ ನನ್ನನ್ನ ಕೇಳಬೇಕಿತ್ತಲ್ಲ, ಅಂದಳು. ನಿಮ್ಮನ್ನ ಹೇಗೆ ಮೇಡಂ ಕೇಳೋದು, ಕಲಿಸಿದವರು ನೀವು, ನಿಮ್ಮ ಹತ್ರ ಹೋಗಿ ಮೇಲೆ ಕೊಡಿ ಅನ್ನೋಕೆ ನಾಲಿಗೆ ಏಳಲಿಲ್ಲ, ನಿಮ್ಮ ಮೇಲಿನ ಗೌರವದಿಂದಲೇ ಸುಮ್ಮನಾದೆ.

ಗೌರವ. ಕೇಳಿದ್ದರೆ ಅವಳು ಕೊಡುತ್ತಿದ್ದಳು, ಕೊಂಚವೂ ಮುಖ ಗಂಟಿಕ್ಕದೆ ಕೊಡುತ್ತಿದ್ದಳು, ಬಳೆ ಮಾರಿಯಾದರೂ ಕೊಡುತ್ತಿದ್ದಳು, ಬೇಕಾದರೆ ಬೈದು ಕೊಡುತ್ತಿದ್ದಳು, ಇವನ ಗೌರವ ಹಾಳಾಗಿ ಹೋಗಲಿ, ಇವನು ನಾಚಿಕೆಪಟ್ಟುಕೊಂಡು ಅವಳ ವರ್ಷವನ್ನು ಇನ್ನೊಬ್ಬರಿಗೆ ಮಾರಿದನಲ್ಲ, ಕೇಳಲು ನಾಲಿಗೆ ಏಳಲಿಲ್ಲವಂತೆ, ಕೊಟ್ಟುಬಿಡಲು ಕೈ ಮಾತ್ರ ಹೇಗೆ ಎದ್ದಿತೋ, ಈಗ ಹೇಳಿಬಿಡಲೇ, ಬರೋ ವರ್ಷ ನನಗೆ ಕಣ್ಣಿರಲ್ಲ ಕಣೋ ಅಂತ, ಹೇಳಿದರೆ ಅಯ್ಯೋ ಮೇಡಂ ಅನ್ನುತ್ತಾನೆ, ಕಣ್ಣು ತುಂಬಿಕೊಳ್ಳುತ್ತಾನೆ, ಒಳ್ಳೆಯವನು, ಆಮೇಲೆ ಅಂಥವರಿಗೆ ಇಂಥ ಗಾಡಿ ಕೊಡುವುದು ಹೇಗೆ ಅಂತ ಇನ್ನೂ ಒಂದಿಷ್ಟು ಗೌರವದಿಂದ ಮುಂಗಡ ವಾಪಸು ಕೊಡುತ್ತಾನೆ, ಅವಳು ಕಾಫಿ ಕುಡಿದಳು, ಸಕ್ಕರೆ ಹಾಕಿಲ್ಲ. ಅಷ್ಟರಲ್ಲಿ ಕೊಂಡವನು ಬಂದ, ಟೈಲ್ಸ್ ಅಂಗಡಿಯವನಂತೆ, ಬೈಯಲು ಆಗದಂಥ ಮುಖ, ಬಂದವನೇ ಅವಳಿಗೂ ನಮಸ್ಕಾರ ಮಾಡಿದ, ಬಟ್ಟೆ ಎಳೆದ, ಸಾಲಾಗಿ ನಿಂತವರು ಚಪ್ಪಾಳೆ ಹೊಡೆದರು, ಅವಳ ಕೈಯಲ್ಲಿ ಲೋಟವಿತ್ತು, ಅದೊಂದು ಪುಣ್ಯ. ಎಲ್ಲರೂ ಚದುರಿದ ಮೇಲೂ ಟೈಲ್ಸಿನವನು ಗಾಡಿ ಹತ್ತದೆ ಹಾಫ್ ಕ್ಲಚ್ಚಿನ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ, ಹಾಫ್ ಕ್ಲಚ್ಚು ಇತ್ತ ತಿರುಗಿ ನೋಡುತ್ತಿದ್ದಾನೆ, ಬೇಡ, ಆ ಮಾತು ಮಾತ್ರ ಬೇಡ, ಬಂದೇ ಬಿಟ್ಟ, ಮೇಡಂ ತಪ್ಪು ತಿಳ್ಕೋಬೇಡಿ, ಅವರು ಇಷ್ಟು ದಿನ ಆಟೊಮ್ಯಾಟಿಕ್ ಓಡಿಸಿದವರು, ಕ್ಲಚ್ಚು ಮರೆತುಹೋಗಿದೆಯಂತೆ, ಹಿಂದಿನ ರಸ್ತೆ ಖಾಲಿ ಇದೆ, ನೀವು ಪಕ್ಕದಲ್ಲಿ ಕೂತು ಒಂದು ರೌಂಡ್ ಹೇಳಿಕೊಟ್ರೆ, ನಿಮಗಿಂತ ಚೆನ್ನಾಗಿ ಯಾರು ಹೇಳ್ತಾರೆ. ಉಗಿದು ಎದ್ದು ಹೋಗಬೇಕಿತ್ತು, ಹೋಗಲಿಲ್ಲ, ಲೋಟ ಕೆಳಗಿಟ್ಟಳು, ಬ್ಯಾಗು ಹೆಗಲಿಗೆ ಹಾಕಿಕೊಂಡಳು, ಹಾಗಾದರೂ ಒಂದು ಸಲ ಅದರೊಳಗೆ ಕೂರಬಹುದು ಅಂತ ಆಸೆಯಾಯಿತು, ಆಸೆಗೆ ಮಾನ ಎಲ್ಲಿಂದ.

ಇಷ್ಟು ತಗ್ಗು ಅಂತ ಅಂದುಕೊಂಡಿರಲಿಲ್ಲ, ರಸ್ತೆಯೇ ತೊಡೆಯ ಮೇಲೆ ಬಂದು ಕೂತಂತೆ, ಚರ್ಮದ ಹೊಸ ವಾಸನೆ, ಇಂಜಿನ್ನಿನ ಗುಡುಗುಡು ಬೆನ್ನುಹುರಿಯಲ್ಲೇ ಕೇಳುತ್ತದೆ, ನಿಧಾನ, ಕಾಲು ಮೇಲೆ ತನ್ನಿ, ಇನ್ನೂ, ಅಲ್ಲಿ ಸಣ್ಣಗೆ ನಡುಗುತ್ತಲ್ಲ, ಅಲ್ಲಿ ಹಿಡೀರಿ, ಈಗ ಬಿಡಿ, ಪೂರ್ತಿ ಬಿಡಿ, ಬಿಟ್ಟ, ಒಂದೇ ಸಲಕ್ಕೆ ಪೂರ್ತಿ ಬಿಟ್ಟ, ಗಾಡಿ ಹೊರಟಿತು, ಅವಳಿಗೆ ಅಳು ಬಂತು, ಎರಡನೇ ಗೇರು ಅಂದಳು. ಹೋದ ವಾರ ಸುಮ್ಮನೆ ನೋಡೋಣ ಅಂತ ಬಂದಿದ್ದೆ ಮೇಡಂ, ಅನ್ನುತ್ತಾನೆ ಟೈಲ್ಸಿನವನು, ನಮ್ಮಾಕೆಗೆ ಹಸಿರು ಇಷ್ಟ ಇಲ್ಲ, ಬೇರೆ ಬಣ್ಣ ಬರೋಕೆ ತಡ ಅಂದ್ರು, ಇದೇ ಇರಲಿ ಬಿಡು ಅಂದೆ, ಅವಳು ಹೂಂ ಅಂದಳು, ಮೂರು ಅಂದಳು, ಗೋದಾಮುಗಳ ಸಾಲು, ಒಂದು ಬೇವಿನ ಮರ, ಖಾಲಿ ರಸ್ತೆ, ಮಧ್ಯಾಹ್ನದ ಬಿಸಿಲು, ಎಷ್ಟು ನಿಚ್ಚಳವಾಗಿದೆ ಎಲ್ಲ, ಮರದ ಎಲೆ ಎಲೆಯೂ ಕಾಣುತ್ತಿದೆ, ಆ ಡಾಕ್ಟರಿಗೆ ಏನು ಗೊತ್ತು, ಬರೋ ವರ್ಷವೂ ಹೀಗೇ ಕಂಡರೆ, ಕಾಣುತ್ತದೆ, ಕಾದರಾಯಿತು, ಇಷ್ಟು ಕಾದವಳು ಇನ್ನೊಂದು ವರ್ಷ — ಮೈ ಮುಂದಕ್ಕೆ ಬಿತ್ತು, ಬೆಲ್ಟು ಎದೆಗೆ ಕಚ್ಚಿತು, ಗಾಡಿ ಗಕ್ಕನೆ ನಿಂತು ಇಂಜಿನ್ನು ಆರಿತು, ಮುಂದೆ, ಬಾನೆಟ್ಟಿನ ಮೇಲೇ ಅನ್ನುವ ಹಾಗೆ, ಒಂದು ನೀಲಿ ತೋಳು, ಸೈಕಲ್ಲಿನ ಹೆಂಗಸು, ಒಂದು ಕೈ ಎತ್ತಿಕೊಂಡಿದ್ದಾಳೆ, ಹೊಡೆಯಬೇಡಿ ಅನ್ನುವ ಹಾಗೆ, ಕಾಲು ನೆಲಕ್ಕೆ ಊರಿ, ಇವರಿಬ್ಬರನ್ನೂ ನೋಡಿ, ಏನೋ ಬೈದು, ಪೆಡಲು ತುಳಿದು ಹೋದಳು.

ಎಲ್ಲಿಂದ ಬಂದಳು, ಗೋದಾಮಿನ ಪಕ್ಕದ ಓಣಿಯಿಂದ, ಅಷ್ಟು ಅಗಲದ ಓಣಿ, ಅಲ್ಲಿಂದ ಇಲ್ಲಿಯವರೆಗೆ ಸೈಕಲ್ಲಿನಲ್ಲಿ ಬರಲು ಹೊತ್ತು ಬೇಕು, ಬಂದಿದ್ದಾಳೆ, ಇಡೀ ದಾರಿ ಬಂದಿದ್ದಾಳೆ, ಇವಳಿಗೆ ಕಂಡಿದ್ದು ಮರ, ರಸ್ತೆ, ಬಿಸಿಲು, ಆಮೇಲೆ ತೋಳು, ನಡುವೆ ಆ ಹೆಂಗಸು ಬರುವುದು ಎಲ್ಲೂ ಕಾಣಲಿಲ್ಲ. ಟೈಲ್ಸಿನವನು ಉಸಿರು ಬಿಟ್ಟು ನಗುತ್ತಿದ್ದಾನೆ, ಭಲೇ ಮೇಡಂ ನೀವು, ಬ್ರೇಕ್ ಅಂತ ಒಂದು ಮಾತು ಹೇಳಲಿಲ್ಲವಲ್ಲ, ಅವರು ಬರೋದು ನೀವು ಆಗಲೇ ನೋಡಿದ್ರಿ, ನಾನಾಗೇ ನಿಲ್ಲಿಸ್ತೀನೋ ಇಲ್ವೋ ಅಂತ ಪರೀಕ್ಷೆ ಮಾಡಿದ್ರಿ ಅಲ್ವಾ, ಅವಳು ಹೌದು ಅಂದಳು, ಅಂದಳೋ ಅಂದುಕೊಂಡಳೋ, ನೀಲಿ ತೋಳು, ಮಣಿಕಟ್ಟಿನ ಹತ್ತಿರ ಹೊಲಿಗೆ ಬಿಟ್ಟಿತ್ತು, ಅದೂ ಕಂಡಿದೆ, ಹೊಲಿಗೆ ಕಂಡಿದೆ, ಹೆಂಗಸು ಕಂಡಿಲ್ಲ. ಮೊದಲ ಸಲ ಬಿಳಿ ಗಾಡಿಗೆ ಚಪ್ಪಾಳೆ ಹೊಡೆದ ದಿನವಾದರೆ ಕಾಣುತ್ತಿದ್ದಳೇ, ಕಾಣುತ್ತಿದ್ದಳು, ಹಳದಿ ಗಾಡಿಯ ದಿನ, ಗೊತ್ತಿಲ್ಲ. ಅವನು ಇಳಿದ, ಬಾನೆಟ್ಟು ಬಳಸಿ ಬಂದ, ಎಡಕ್ಕೋ ಬಲಕ್ಕೋ ಎಲ್ಲೋ ಒಂದು ಕ್ಷಣ ಮಾಯವಾದ, ಮತ್ತೆ ಅವಳ ಬಾಗಿಲು ತೆರೆದುಕೊಂಡಾಗ ಅಲ್ಲಿ ಅವನ ಅಂಗಿಯ ಗುಂಡಿಗಳು, ನನಗೆ ಇವತ್ತಿಗೆ ಇಷ್ಟು ಸಾಕು ಮೇಡಂ, ವಾಪಸು ನೀವೇ ಓಡಿಸಿ, ಬೇಕಾದ್ರೆ ಗುಡ್ಡದ ಕಡೆ ಒಂದು ಸುತ್ತು ಹಾಕಿಸಿ, ಇಂಥ ಗಾಡಿ ಹೇಗೆ ಓಡಿಸಬೇಕು ಅಂತ ನಾನೂ ನೋಡ್ತೀನಿ, ಅಂಗೈ ಮೇಲೆ ಕೀಲಿ, ಅದು ಎಷ್ಟು ಚೆನ್ನಾಗಿ ಕಾಣುತ್ತಿದೆ, ಅದರ ಮೇಲಿನ ಸಣ್ಣ ಅಕ್ಷರ ಸಹ, ತೆಗೆದುಕೊಳ್ಳಬಹುದು, ಕೊಡುತ್ತಿದ್ದಾನೆ, ಹಗಲಿದೆ, ರಸ್ತೆ ಖಾಲಿ — ಖಾಲಿ ಅಂತ ಹೇಳುವವಳು ಯಾರು. ಬೇಡಪ್ಪ, ಅಂದಳು, ನೀವೇ ಓಡಿಸಿ. ಒಂದೇ ಒಂದು ಸುತ್ತು ಮೇಡಂ, ಬೇಡ, ಯಾಕೆ ಮೇಡಂ, ಅವಳು ಎದುರಿನ ರಸ್ತೆ ನೋಡುತ್ತಿದ್ದಾಳೆ, ಮರ, ಬಿಸಿಲು, ಯಾರೂ ಇಲ್ಲ, ನೀಲಿ ತೋಳು, ಯಾರೂ ಇಲ್ಲ, ಮೇಡಂ ಅನ್ನುತ್ತಿದ್ದಾನೆ ಅವನು, ಯಾರೂ ಇಲ್ಲ, ನೀಲಿ ತೋಳು.